ಎಂಟನೆಯ ನಟ್

ನಟ್ ಮಿಲುತಿನ್‌ನ ಎಡಗೈಯಿಂದ ಜಾರಿ ಕಾರಿನ ಇಂಜಿನ್ನಿನ ಮೇಲೆ ಒಮ್ಮೆ ಟಿಣ್ ಎಂದಿತು. ಆಮೇಲೆ ಸದ್ದಿಲ್ಲ. ನೆಲಕ್ಕೆ ಬಿದ್ದಿದ್ದರೆ ಗ್ಯಾರೇಜಿನ ಸಿಮೆಂಟಿನ ಮೇಲೆ ಉರುಳಿದ್ದು ಕೇಳಬೇಕಿತ್ತು. ಬಗ್ಗಿದವನು ಬಗ್ಗಿದಂತೆಯೇ ಸ್ವಲ್ಪ ಹೊತ್ತು ಕಾದ.

ಬೆಳಿಗ್ಗೆ ಗಾಳಿ ಹಂಚುವ ಕವಲು ಕೊಳವೆಯನ್ನು, ಮ್ಯಾನಿಫೋಲ್ಡನ್ನು, ಬಿಚ್ಚಿದ ಕೂಡಲೇ ಅವನು ಇಂಜಿನ್ನಿಗೆ ಗಾಳಿ ಹೋಗುವ ನಾಲ್ಕೂ ತೂತುಗಳಿಗೆ ಶುಭ್ರವಾದ ಬಟ್ಟೆ ತುರುಕಿದ್ದ. ಬಿಚ್ಚಿದ ಎಂಟು ಹಿತ್ತಾಳೆ ನಟ್‌ಗಳನ್ನು ಹೆಂಡತಿಯ ಕೇಕ್ ತಟ್ಟೆಯ ಗುಂಡಿಗಳಲ್ಲಿ ಒಂದೊಂದಾಗಿ ಜೋಡಿಸಿದ್ದ. ಸಂದಿನಲ್ಲಿ ಸುಟ್ಟು ಅಂಟಿಕೊಂಡಿದ್ದ ಹಳೆಯ ಗ್ಯಾಸ್ಕೆಟ್ ಹಾಳೆಯನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಅಲ್ಯೂಮಿನಿಯಂ ಗೀರಿಹೋಗುತ್ತದೆಂದು ಮರದ ಚಕ್ಕೆಯಿಂದ ಎರಡು ಗಂಟೆ ಉಜ್ಜಿದ್ದ. ಅಂಚು ಒರೆಸಲೆಂದು ಎರಡನೆಯ ತೂತಿನ ಬಟ್ಟೆಯನ್ನು ಒಂದು ನಿಮಿಷ ತೆಗೆದಿದ್ದ. ಆ ಒಂದು ನಿಮಿಷದಲ್ಲೇ ಒಂದು ನಟ್‌ನ ಒಳಗಿನ ಸುತ್ತುಗೆರೆ ಸವೆದಿದೆಯೇ ನೋಡೋಣವೆಂದು ಎತ್ತಿಕೊಂಡ. ಬೆರಳುಗಳು ಹಿಡಿದಿವೆ ಎಂದುಕೊಂಡಿದ್ದ. ಹಿಡಿದಿರಲಿಲ್ಲ.

ಟಾರ್ಚ್ ಬಿಟ್ಟು ನೋಡಿದ. ದಾರಿ ಒಳಗೆ ಬಾಗಿತ್ತು, ಏನೂ ಕಾಣಲಿಲ್ಲ. ಆಯಸ್ಕಾಂತ ಇಳಿಸಿದ. ಹಿತ್ತಾಳೆಗೂ ಆಯಸ್ಕಾಂತಕ್ಕೂ ಏನು ಸಂಬಂಧ ಎಂದು ಆಮೇಲೆ ಹೊಳೆಯಿತು. ಎಡಗೈಯನ್ನು ಮಡಚಿ ಬಿಡಿಸಿ ನೋಡಿದ. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಬೇರೆ ಯಾರದೋ ಕೈಯವು ಎನ್ನುವ ಹಾಗಿದ್ದವು. ಫೆಬ್ರವರಿಯಿಂದಲೂ ಹೀಗೇ. ಮೊದಲು ಊಟದಲ್ಲಿ ಫೋರ್ಕ್ ಬೀಳುತ್ತಿತ್ತು, ಚಳಿಗೆ ಎಂದಿದ್ದ. ಈಗ ಮೇ ತಿಂಗಳು.

"ಏನ್ ಮೇಸ್ತ್ರಿ, ಬಸ್ಸು ಯಾವಾಗ ಹೊರಡತ್ತೆ?" ಪಕ್ಕದ ಮನೆಯ ಒಬ್ರಾದ್ ಬಾಗಿಲಲ್ಲಿ ನಿಂತಿದ್ದ. ಮಿಲುತಿನ್ ಮೂವತ್ತೊಂದು ವರ್ಷ ಉಜಿತ್ಸೆ ಪಟ್ಟಣದ ಸುತ್ತಲಿನ ಗುಡ್ಡಗಳಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು, ಒಂದು ಕನ್ನಡಿ ಕೂಡ ಒಡೆದವನಲ್ಲ. ಈಗ ಕೇರಿಯ ಮುದುಕರನ್ನು ತನ್ನ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ, ಸಂತೆಗೆ ಕರೆದೊಯ್ಯುತ್ತಿದ್ದ. ನಾಳೆ ಒಬ್ರಾದ್‌ನ ತಾಯಿ ಸ್ತಾಮೆನಾಳಿಗೆ ಕಣ್ಣಿನ ಇಂಜೆಕ್ಷನ್. ನಾಲ್ಕು ತಿಂಗಳು ಕಾದು ಸಿಕ್ಕ ದಿನ. ಒಬ್ರಾದ್‌ಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ.

"ಒಂದು ನಟ್ ಕಾಣ್ತಿಲ್ಲ," ಎಂದ ಮಿಲುತಿನ್.

"ಒಂದು ನಟ್‌ಗೆ ಈ ಮುಖಾನಾ? ಬೆಕ್ಕು ಸತ್ತಿದೆ ಅಂದ್ಕೊಂಡೆ. ನನ್ ಡಬ್ಬೀಲಿ ನೂರಿವೆ ಮಾಮ, ತಾಳು."

ತಂದೂ ಕೊಟ್ಟ. ಅದೇ ಅಳತೆ, ಸ್ವಲ್ಪ ಹೊಸದು, ಅಷ್ಟೆ. ಮಿಲುತಿನ್ ಅದನ್ನು ತಟ್ಟೆಯ ಖಾಲಿ ಗುಂಡಿಯಲ್ಲಿಟ್ಟ. ಎಂಟಕ್ಕೆ ಎಂಟು ಕೂತವು. ನೆಲದಲ್ಲೇ ಎಲ್ಲೋ ಬಿದ್ದಿರಬೇಕು, ಚೀಲಗಳ ಮೇಲೆ ಬಿದ್ದರೆ ಸದ್ದೆಲ್ಲಿ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೊಸ ಗ್ಯಾಸ್ಕೆಟ್ ಇಟ್ಟ, ಮ್ಯಾನಿಫೋಲ್ಡ್ ಕೂರಿಸಿದ. ನಡುವಿನಿಂದ ಶುರುಮಾಡಿ ಅತ್ತ ಒಂದು, ಇತ್ತ ಒಂದು ಎಂದು ಮೂರು ಸುತ್ತಿನಲ್ಲಿ ಬಿಗಿ ಮಾಡಿದ. ಎಲ್ಲವನ್ನೂ ಬಲಗೈಯಿಂದಲೇ.

ಹೆಂಡತಿ ದೆಸಾಂಕಾ ಕಾಫಿ ತಂದಳು. ಅಷ್ಟರಲ್ಲಿ ಒಬ್ರಾದ್ ಡ್ರೈವರ್ ಸೀಟಿನಲ್ಲಿ ಕೂತು ಕೀಗೆ ಕೈ ಹಾಕಿದ್ದ. "ಸ್ಟಾರ್ಟ್ ಮಾಡ್ಲಾ ಒಂದ್ಸಲ?"

"ಮುಟ್ಟಬೇಡ!"

ಆ ಕೂಗಿಗೆ ದೆಸಾಂಕಾಳ ಕೈಯ ಕಾಫಿ ತುಳುಕಿತು. ಒಬ್ರಾದ್ ಎರಡೂ ಕೈ ಎತ್ತಿದ, ಪೊಲೀಸರನ್ನು ಕಂಡವನಂತೆ.

"ನಟ್ ಒಳಗಿದೆ," ಎಂದ ಮಿಲುತಿನ್. "ವಾಲ್ವಿನ ಮೇಲೆ ಕೂತಿರತ್ತೆ. ಒಂದು ಸುತ್ತು ತಿರುಗಿದ್ರೆ ಪಿಸ್ಟನ್ ಮೇಲೆ ಬಿತ್ತು ಅಂತ ಲೆಕ್ಕ. ಅಲ್ಲಿಗೆ ಇಂಜಿನ್ ಗುಜರಿಗೆ."

"ಮತ್ತೆ ನನ್ನ ನಟ್ ತಗೊಂಡು ಮುಚ್ಚಿಬಿಟ್ಯಲ್ಲ! ಗೊತ್ತಿದ್ದೂ?"

ದೆಸಾಂಕಾ ಲೋಟಗಳನ್ನು ಮೇಜಿನ ಮೇಲಿಟ್ಟು ಗಂಡನ ಹತ್ತಿರ ಬಂದಳು.

"ಬಿದ್ದಿದ್ದು ಹೇಗೆ?"

"ಬಿತ್ತು."

"ನಿನ್ ಕೈಯಿಂದ ಮೂವತ್ತೆಂಟು ವರ್ಷದಲ್ಲಿ ಒಂದು ಮೊಳೆ ಬಿದ್ದದ್ದು ನಾನು ನೋಡಿಲ್ಲ, ಮಿಲುತಿನ್."

ಅವನು ಎಡಗೈಯನ್ನು ನೋಡಿಕೊಂಡ. "ಜೋಮು ಹಿಡಿಯತ್ತೆ. ಈ ಎರಡು ಬೆರಳು. ಕೆಲವು ಸಲ ಪೂರ್ತಿ ಅಂಗೈ."

"ಯಾವಾಗಿಂದ?"

"ಚಳಿಗಾಲದಿಂದ." ಒಬ್ರಾದ್‌ನ ಕಡೆ ತಿರುಗಿದ. "ಮಂಗಳವಾರ ನಿಮ್ಮಮ್ಮನ್ನ ಕರ್ಕೊಂಡು ಬರ್ತಿದ್ನಲ್ಲ, ಸೇತುವೆ ದಾಟಿದ ಮೇಲಿನ ತಿರುವಲ್ಲಿ ಸ್ಟೀರಿಂಗ್ ಕೈಲಿ ನಿಲ್ಲಲಿಲ್ಲ. ಗಾಡಿ ಎದುರು ಕಡೆಗೆ ಹೋಯ್ತು. ಯಾರೂ ಬರ್ತಿರ್ಲಿಲ್ಲ, ಅಷ್ಟೆ. ಅವರು ಹಿಂದೆ ನಿದ್ದೆ ಮಾಡ್ತಿದ್ರು."

ಒಬ್ರಾದ್ ಕಾರಿನಿಂದ ಇಳಿದ. ಜೇಬಿನಿಂದ ಸಿಗರೇಟು ತೆಗೆದ. ಪೆಟ್ರೋಲಿನ ವಾಸನೆ ಬಂದು ಮತ್ತೆ ಒಳಗಿಟ್ಟ.

"ಡಾಕ್ಟರ ತಪಾಸಣೆಗೆ ಹೋದ್ರೆ ಲೈಸೆನ್ಸು ಕಿತ್ಕೋತಾರೆ ಅಂತ ನೀನು ಬಾಯಿ ಮುಚ್ಕೊಂಡಿದ್ದೆ, ಅಲ್ವಾ?" ಎಂದಳು ದೆಸಾಂಕಾ. ಅವಳ ದನಿ ಏರಲಿಲ್ಲ. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಳು. "ಯಾವ ಸ್ಪ್ಯಾನರು? ಹೇಳು."

"ಹದಿಮೂರು ನಂಬರಿಂದು. ಬಿಚ್ಚುವಾಗ ತುದಿಯಿಂದ ಶುರು ಮಾಡು, ನಡುವಿಗೆ ಬಾ. ಒಂದೇ ಸಲ ಪೂರ್ತಿ ಬಿಚ್ಚಬೇಡ, ತಿರುಚಿಕೊಳ್ಳತ್ತೆ."

"ಬಲವಾಗಿ ಎಳೀಲಾ?"

"ಎಳೀಬೇಡ. ಎಲ್ಲಿ ಬಿಡತ್ತೆ ಅಂತ ಕೈಗೇ ಗೊತ್ತಾಗತ್ತೆ." ಹೇಳಿದ ಮೇಲೆ ಆ ಮಾತು ಅವನಿಗೇ ಚುಚ್ಚಿತು.

ಅವಳು ಬಿಚ್ಚಿದಳು. ಬಟ್ಟೆಯ ಕಾರ್ಖಾನೆಯಲ್ಲಿ ದುಡಿದ ಕೈಗಳು, ಅವಸರ ಗೊತ್ತಿಲ್ಲದವು. ಮಿಲುತಿನ್ ಟಾರ್ಚ್ ಹಿಡಿದು ನಿಂತ. ಗ್ರೀಸು ಬಳಿದ ಕಡ್ಡಿಗೆ ನಟ್ ಎರಡು ಸಲ ಅಂಟಿ ಎರಡು ಸಲವೂ ಬಿತ್ತು. ಕೊನೆಗೆ ದೆಸಾಂಕಾ ಮನೆಯಿಂದ ವ್ಯಾಕ್ಯೂಮ್ ಕ್ಲೀನರ್ ಎಳೆದು ತಂದಳು. ಅದರ ಬಾಯಿಗೆ, ಪೀಪಾಯಿಯಿಂದ ಹಣ್ಣಿನ ಸಾರಾಯಿ ರಾಕಿಯಾ ಇಳಿಸುವ ಸಣ್ಣ ಕೊಳವೆಯನ್ನು ಟೇಪಿನಿಂದ ಸುತ್ತಿದಳು.

"ಅಯ್ಯೋ ಅತ್ತೆ, ಈ ವರ್ಷದ ರಾಕಿಯಾ ಪೆಟ್ರೋಲ್ ನಾರತ್ತೆ!" ಎಂದ ಒಬ್ರಾದ್.

"ನಿನಗೆ ಗೊತ್ತಾಗೋದಿಲ್ಲ ಬಿಡು, ನೀನು ನಾಲಿಗೆಗೆ ತಾಗಿಸದೆ ನುಂಗೋನು."

ಕೊಳವೆ ಒಳಗೆ ಹೋಯಿತು. ಯಂತ್ರದ ಕೂಗು ಒಮ್ಮೆಲೇ ಕೀರಲಾಯಿತು. ಅವಳು ನಿಧಾನವಾಗಿ ಹೊರಗೆಳೆದಾಗ ಕೊಳವೆಯ ಬಾಯಿಗೆ ನಟ್ ಕಚ್ಚಿಕೊಂಡಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೆ ಅವನು ಹೇಳಿದಂತೆ ಅವಳು ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದಳು. ಎಲ್ಲೂ ತಡೆಯಲಿಲ್ಲ. ಕೀ ತಿರುಗಿಸಿದಾಗ ಸದ್ದು ಸಮವಾಗಿತ್ತು.

ಮರುದಿನ ಬೆಳಿಗ್ಗೆ ಸ್ತಾಮೆನಾ ಕೋಲೂರಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ಇದ್ದ ತಲೆಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ನನ್ನ ಕಣ್ಣು ಇಷ್ಟು ಕೆಟ್ಟಿದೆಯಾ, ಇಲ್ಲ ಡ್ರೈವರ್ ಹೆಂಗಸಾದನಾ?"

"ಡ್ರೈವರಿಗೂ ಇವತ್ತು ಡಾಕ್ಟರ ಹತ್ರ ಕೆಲಸ ಇದೆ, ಅಜ್ಜಿ. ನೀವು ಕಣ್ಣಿಗೆ, ಇವರು ಕೈಗೆ," ಎಂದಳು ದೆಸಾಂಕಾ. ಹದಿನೇಳು ವರ್ಷದಿಂದ ಅವಳ ಲೈಸೆನ್ಸು ಪರ್ಸಿನಲ್ಲೇ ಇತ್ತು, ಕಾಲಕಾಲಕ್ಕೆ ನವೀಕರಿಸಿದ್ದು ಬಿಟ್ಟರೆ ಹೊರಗೆ ಬಂದಿರಲಿಲ್ಲ.

ಇಳಿಜಾರಿನ ಉದ್ದಕ್ಕೂ ಎರಡನೇ ಗೇರಿನಲ್ಲೇ ಬಂದಳು. ಹಿಂದೆ ಮೂರು ಕಾರುಗಳು ಹಾರ್ನ್ ಹಾಕಿದವು. ಮಿಲುತಿನ್‌ನ ಬಲಗಾಲು ತನ್ನ ಕಡೆ ಇಲ್ಲದ ಬ್ರೇಕನ್ನು ಹುಡುಕಿತು. ಮಾತಾಡಬಾರದೆಂದು ಅವನು ಕಿಟಕಿಯ ಆಚೆ ನೋಡುತ್ತ ಕೂತ.

ದೊಡ್ಡ ರಸ್ತೆ ಸೇರುವಲ್ಲಿ ಅವಳು ನಿಲ್ಲಿಸಿದಳು. ಅವನು ಕೂತಿದ್ದ ಬಲಗಡೆಗೆ ಗೋಡೆ ಅಡ್ಡ, ಅವಳಿಗೆ ರಸ್ತೆ ಕಾಣುತ್ತಿರಲಿಲ್ಲ.

"ನಿನ್ನ ಕಡೆ ಏನಾದ್ರೂ ಬರ್ತಿದೆಯಾ?"

ಅವನು ಮುಂದಕ್ಕೆ ಬಾಗಿದ. ಮರದ ದಿಮ್ಮಿ ಹೇರಿಕೊಂಡ ಲಾರಿಯೊಂದು ಏರು ಹತ್ತಿ ಬರುತ್ತಿತ್ತು.

"ಲಾರಿ ಇದೆ. ಹೋಗ್ಲಿ."

ಲಾರಿ ಅವರ ಮುಂದೆ ನಿಧಾನವಾಗಿ, ಉದ್ದಕ್ಕೆ ಹಾದುಹೋಯಿತು. ದಿಮ್ಮಿಗಳಿಂದ ಉದುರಿದ ತೊಗಟೆಯ ಚೂರುಗಳು ಗಾಜಿನ ಮೇಲೆ ಬಿದ್ದವು.

"ಈಗ?"

ಅವನು ಮತ್ತೊಮ್ಮೆ ನೋಡಿದ. ರಸ್ತೆ ತಿರುವಿನವರೆಗೂ ಖಾಲಿಯಿತ್ತು.

"ಯಾರೂ ಇಲ್ಲ," ಎಂದ. "ಹೋಗು."