ನಲವತ್ಮೂರಕ್ಕೆ ಏಳು

ಏರಿನ ಅರ್ಧದಲ್ಲಿ ಲಾರಿ ಉಸಿರು ಕಟ್ಟಿದಂತೆ ನಡುಗಿ ನಿಂತುಬಿಟ್ಟಿತು. ಅಕ್ಕ ಬ್ರೇಕ್ ಒತ್ತುವಷ್ಟರಲ್ಲಿ ಇಟ್ಟಿಗೆ ತುಂಬಿದ್ದ ಗಾಡಿ ಎರಡು ಮಾರು ಹಿಂದಕ್ಕೆ ಜಾರಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಮರದ ದಿಮ್ಮಿ ಹಿಡಿದು ಕೆಳಗೆ ಹಾರಿ, ಅದನ್ನು ಚಕ್ರದ ಹಿಂದೆ ಒದ್ದು ಕೂರಿಸಿದಳು. ಆಮೇಲೆ ತಲೆಯೆತ್ತಿದಳು. ಲಾರಿಯ ಹಿಂಬಾಗಿಲಿಗೂ ಶಾಲೆಯ ವ್ಯಾನಿನ ಮೂತಿಗೂ ನಡುವೆ ಒಂದು ಗೇಣು ಜಾಗವಿತ್ತು. ವ್ಯಾನಿನೊಳಗೆ ಮಕ್ಕಳು ಯಾವುದಕ್ಕೋ ನಗುತ್ತಿದ್ದವು. ಡ್ರೈವರ್ ಮಾತ್ರ ಸ್ಟೇರಿಂಗ್ ಹಿಡಿದ ಕೈ ಸಡಿಲಿಸಿರಲಿಲ್ಲ.

ಹದಿನಾರು ವರ್ಷದಿಂದ ಅವಳು ಲಾರಿ ಓಡಿಸುತ್ತಿದ್ದಳು. ಅಪ್ಪ ಹೋದ ಮೇಲೆ ಗಾಡಿ ಅಕ್ಕ ತಮ್ಮ ಇಬ್ಬರದೂ ಆಯಿತು. ಓಡಿಸುವುದು ಅವಳು, ಬಾಡಿಗೆ ಹಿಡಿಯುವುದು ಅವನು. ಹೋದ ವಾರ ಅವಳು ಜ್ವರ ಬಂದು ಮಲಗಿದ್ದಾಗ ತಮ್ಮ ಒಂದು ಮಾತೂ ಕೇಳದೆ ದೊಡ್ಡ ಟೈರು ಹಾಕಿಸಿದ್ದ. “ನೋಡಕ್ಕ, ಈಗ ಆನೆ ಥರ ಕಾಣುತ್ತೆ” ಅಂದಿದ್ದ. ಅವತ್ತಿಂದ ಏರು ಕಂಡರೆ ಆನೆ ಮಂಡಿಯೂರುತ್ತಿತ್ತು.

ಫೋನು ಮಾಡಿದ್ದಕ್ಕೆ ತಮ್ಮ ಬೈಕಿನಲ್ಲಿ ಬಂದ. ಸುಟ್ಟ ಕ್ಲಚ್ಚಿನ ವಾಸನೆ ಇನ್ನೂ ಅಲ್ಲೇ ನಿಂತಿತ್ತು. ಅವನು ಅಕ್ಕನ ಮುಖ ನೋಡದೆ ನೇರ ವ್ಯಾನಿನವನ ಹತ್ತಿರ ಹೋದ.

“ತಪ್ಪಾಯ್ತು ಅಣ್ಣ, ಬೇಜಾರು ಮಾಡ್ಕೋಬೇಡಿ. ನಮ್ಮಕ್ಕ ಈಗಷ್ಟೇ ಜ್ವರದಿಂದ ಎದ್ದಿದಾಳೆ. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸಿದಾಳೆ.”

ಸುತ್ತ ನೆರೆದವರು ಅವಳ ಕಾಲನ್ನು ನೋಡಿದರು. ಅವಳೂ ನೋಡಿಕೊಂಡಳು. ಹೌದೇನೋ ಅಂತ ಅವಳಿಗೇ ಒಂದು ಗಳಿಗೆ ಅನ್ನಿಸಿಬಿಟ್ಟಿತು.

ಕ್ಲಚ್ಚು ಆರಿದ ಮೇಲೆ ಗಾಡಿಯನ್ನು ಮೆಲ್ಲಗೆ ಹಿಂದಕ್ಕಿಳಿಸಿ, ಹಲ್ಲು ಮೇಸ್ತ್ರಿಯ ಶೆಡ್ಡಿಗೆ ತಂದಳು. ಆಕ್ಸಲಿನ ಹಲ್ಲುಚಕ್ರ ಜೋಡಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ; ಹೆಸರು ಕೇಳಿ ಹಲ್ಲುನೋವಿನವರೂ ಒಮ್ಮೊಮ್ಮೆ ಬಾಗಿಲಿಗೆ ಬರುತ್ತಿದ್ದರು. ಅಪ್ಪನ ಗೆಳೆಯ, ಅವಳಿಗೆ ಮಾಮ. ಇವತ್ತು ಟೈರು ನೋಡಿದವನೇ ತಲೆ ತಗ್ಗಿಸಿದ.

“ಮಾಮ, ನನ್ನ ಕಾಲಲ್ಲಿ ತಪ್ಪಿದೆಯೋ ಗಾಡೀಲಿದೆಯೋ, ನೀವೇ ಹೇಳಿ.”

“ನಿನ್ನ ಕಾಲಲ್ಲಿ ಏನಿಲ್ಲ ಕಣಮ್ಮ. ಮೂವತ್ನಾಲ್ಕು ಇಂಚಿದ್ದ ಟೈರು ಮೂವತ್ತೊಂಬತ್ತಾಗಿದೆ. ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತೆ, ಎಳೆಯೋ ತಾಕತ್ತು ಅಷ್ಟೇ ಕಮ್ಮಿಯಾಗುತ್ತೆ. ಆಕ್ಸಲಲ್ಲಿ ದೊಡ್ಡ ಹಲ್ಲುಚಕ್ರಕ್ಕೆ ಮೂವತ್ತೇಳು ಹಲ್ಲು, ಚಿಕ್ಕದಕ್ಕೆ ಏಳು, ಆ ಹಳೇ ಜೋಡಿ ಈ ಟೈರಿಗೆ ಆಗಲ್ಲ. ಬದಲಾಯಿಸಲೇಬೇಕು ಅಂತ ನಿನ್ನ ತಮ್ಮನಿಗೆ ಹೇಳಿದ್ದೆ...”

ಅಂದವನು ನಾಲಿಗೆ ಕಚ್ಚಿಕೊಂಡ.

“ಯಾವಾಗ ಹೇಳಿದ್ರಿ?”

“ಟೈರು ಹಾಕಿಸೋಕೆ ಮುಂಚೆ. ಆಮೇಲೆ ಮಾಡಿಸ್ತೀನಿ, ಅಕ್ಕನಿಗೆ ಹೇಳಬೇಡಿ, ಸುಮ್ನೆ ತಕರಾರು ತೆಗೀತಾಳೆ ಅಂದ. ಅಕ್ಕತಮ್ಮನ ಮಧ್ಯೆ ನಾನ್ಯಾಕೆ ಅಂತ...”

“ಮಧ್ಯೆ ಇದ್ದಿದ್ದು ಒಂದು ಗೇಣು, ಮಾಮ. ಅದರಾಚೆ ಮಕ್ಕಳಿದ್ರು.”

ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ತಮ್ಮ ಗೊತ್ತಿದ್ದೂ ಗೊತ್ತಿದ್ದೂ ತನ್ನನ್ನು ಆ ಸೀಟಿನಲ್ಲಿ ಕೂರಿಸಿದ್ದ. ಮೇಲಿಂದ ಹತ್ತು ಜನರೆದುರು ತನ್ನ ಕಾಲಿನ ಮೇಲೆ ಗೂಬೆ ಕೂರಿಸಿದ್ದ.

ಮಾರನೇ ದಿನ ಬೆಳಿಗ್ಗೆ ಲೋಡು ಹಾಗೇ ಇದ್ದ ಗಾಡಿಯನ್ನು ಏರಿನ ಬುಡದಲ್ಲಿ ನಿಲ್ಲಿಸಿ, ತಮ್ಮನನ್ನು ಕರೆಸಿ, ಬೀಗದ ಕೈ ಅವನ ಎದೆಗೆ ಒತ್ತಿದಳು.

“ಹತ್ತಿಸು.”

“ನಾನಾ? ನನಗೆ ಬೇರೆ ಕೆಲಸ ಇದೆ ಅಕ್ಕ.”

“ಲೈಸೆನ್ಸ್ ಇದೆ ತಾನೆ? ಹತ್ತು. ಕ್ಲಚ್ ಮೇಲೆ ಮಾತ್ರ ಕಾಲಿಡಬೇಡ.”

ಇಟ್ಟಿಗೆ ಇಳಿಸುವವರಿಬ್ಬರನ್ನು ಕೆಳಗೆ ನಿಲ್ಲಿಸಿ ಹಿಂದಿನಿಂದ ಬರುವ ಗಾಡಿಗಳನ್ನೆಲ್ಲ ತಡೆಸಿದ್ದಳು. ತಾನು ದಿಮ್ಮಿ ಹಿಡಿದು ಹಿಂಚಕ್ರದ ಪಕ್ಕದಲ್ಲೇ ನಡೆದಳು. ಅರ್ಧ ಏರಿಗೆ ಲಾರಿ ಗುರುಗುಟ್ಟಿತು, ನಡುಗಿತು, ನಿಂತಿತು, ಜಾರತೊಡಗಿತು. ಅವಳು ದಿಮ್ಮಿ ಕೊಟ್ಟಳು. ಗಾಡಿ ಅದಕ್ಕೆ ಆತು ನಿಂತಿತು.

ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ಹಿಂದೆ ಯಾರೂ ಇಲ್ಲ ತಾನೆ?”

ಆ ಮಾತು ಕೇಳಿ ಅವಳ ಸಿಟ್ಟು ಇಳಿಯುವ ಬದಲು ನೆತ್ತಿಗೇರಿತು. “ಈ ಮಾತು ಟೈರು ಹಾಕಿಸೋ ದಿನ ಕೇಳ್ಬೇಕಿತ್ತು ಕಣೋ! ಜ್ವರದಲ್ಲಿದ್ದೆ, ಸತ್ತಿರಲಿಲ್ಲ. ಇವತ್ತೇ ಹೋಗಿ ಆ ವ್ಯಾನಿನವನಿಗೆ ತಪ್ಪು ಯಾರದು ಅಂತ ಹೇಳಿ ಬಾ. ಒಬ್ಬನೇ ಇದ್ದಾಗಲ್ಲ, ಜನ ಇದ್ದಾಗ.”

ಅವನು ಹೋಗಿ ಹೇಳಿ ಬಂದ. ಬಂದವನ ಕಿವಿ ಕೆಂಪಾಗಿತ್ತು.

ಮಧ್ಯಾಹ್ನ ಶೆಡ್ಡಿನಲ್ಲಿ ಮೇಸ್ತ್ರಿ ಎರಡು ಜೋಡಿ ಹಲ್ಲುಚಕ್ರ ತಂದಿಟ್ಟ. “ಒಂದು ನಲವತ್ತಕ್ಕೆ ಏಳು, ಇನ್ನೊಂದು ನಲವತ್ಮೂರಕ್ಕೆ ಏಳು. ಹಲ್ಲು ಜಾಸ್ತಿಯಾದಷ್ಟೂ ತಾಕತ್ತು ಜಾಸ್ತಿ, ಸ್ಪೀಡು ಕಮ್ಮಿ. ನಲವತ್ತರದು ಹಾಕಿದ್ರೆ ಇಬ್ಬರ ಮಾತೂ ನಡೆಯುತ್ತೆ. ಹೈವೇಲೂ ಓಡುತ್ತೆ, ಏರೂ ಹತ್ತುತ್ತೆ.”

“ಅದೇ ಸರಿ” ಅಂದ ತಮ್ಮ.

“ಪೂರ್ತಿ ಲೋಡಲ್ಲಿ ಹತ್ತುತ್ತಾ ಮಾಮ?”

ಮೇಸ್ತ್ರಿ ಗಡ್ಡ ಕೆರೆದ. “ಹತ್ತಬಹುದು.”

“ಬಹುದು ಅನ್ನೋದು ಬೇಡ. ನಲವತ್ಮೂರಕ್ಕೆ ಏಳು ಹಾಕಿ.”

“ಹೈವೇಲಿ ಸ್ಪೀಡೇ ಬರಲ್ಲ ಅಕ್ಕ.”

“ಹಳೇ ಟೈರಲ್ಲಿ ಎಷ್ಟು ಓಡ್ತಿತ್ತೋ ಅಷ್ಟೇ ಓಡುತ್ತೆ. ಸಾಲದಿದ್ರೆ ನೀನು ಇಳಿದು ಓಡು.”

ಹೇಳಿದವಳೇ ಆ ಜೋಡಿಯ ದೊಡ್ಡ ಹಲ್ಲುಚಕ್ರವನ್ನು ಮಡಿಲಿಗೆ ಎಳೆದುಕೊಂಡು, ಒಂದೊಂದೇ ಹಲ್ಲು ಮುಟ್ಟಿ ಗಟ್ಟಿಯಾಗಿ ಎಣಿಸಿದಳು. ನಲವತ್ಮೂರಾದ ಮೇಲೇ ಮೇಸ್ತ್ರಿಯ ಕೈಗೆ ಕೊಟ್ಟಳು. ಗಾಡಿಯಡಿಗೆ ತಾನೂ ತೂರಿದಳು.

ಸಂಜೆ ಅದೇ ಲೋಡು ಅದೇ ಏರನ್ನು ಎರಡನೇ ಗೇರಿನಲ್ಲಿ, ಒಂದೇ ದನಿಯಲ್ಲಿ ಗೊಣಗುತ್ತ ಹತ್ತಿಬಿಟ್ಟಿತು. ಪಕ್ಕದಲ್ಲಿ ಕೂತ ತಮ್ಮ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನೇ ನೋಡುತ್ತಿದ್ದ.

ಏರಿನ ಮೇಲೆ ಕಟ್ಟುತ್ತಿದ್ದ ಕಟ್ಟಡದ ಹತ್ತಿರ ಇಟ್ಟಿಗೆ ಇಳಿದ ಮೇಲೆ ಅವಳು ಅದರ ಹಿಂದಿನ ನಲ್ಲಿಗೆ ಹೋದಳು. ಮೊಣಕೈವರೆಗೂ ಗ್ರೀಸು. ತಮ್ಮ ಎಲ್ಲಿಂದಲೋ ಸೋಪು ತಂದು, ತಗೋ ಎಂಬಂತೆ ನೀರಿನ ಕೆಳಗೇ ಅವಳತ್ತ ಕೈ ಚಾಚಿ ನಿಂತ. ಅವಳು ಬಗ್ಗಿ ನೆಲದಿಂದ ಒಂದು ಹಿಡಿ ಮರಳು ತೆಗೆದುಕೊಂಡು ತನ್ನ ಕೈಗೆ ಉಜ್ಜಿಕೊಳ್ಳತೊಡಗಿದಳು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಧಾರೆಯಡಿ ಸೋಪು ಅವನ ಅಂಗೈಯಲ್ಲೇ ಕರಗುತ್ತ, ಬೆಳ್ಳಗೆ ಮೋರಿಗೆ ಹರಿಯುತ್ತಿತ್ತು.