ಇಪ್ಪತ್ತು ಡಿಗ್ರಿಯ ನೇರ ಗೆರೆ

ಲ್ಯಾಬಲ್ಲಿ ಅವನನ್ನ ಎಲ್ಲರೂ ಕರೀತಿದ್ದದ್ದು ಡೈಲಾಗ್ ಅಂತ. ಮೂಗು ಒರೆಸ್ಕೊಳ್ಳೋಕೂ ಇಂಟರ್ವಲ್ ಸೀನಿನಷ್ಟು ಬಿಲ್ಡಪ್ ಕೊಡೋ ಆಸಾಮಿ. ಕೆಲಸ ಮಾತ್ರ ಕಾಮಿಡಿ ಅಲ್ಲ. ಹೆರಿಗೆ ಆದ ತಕ್ಷಣ ಹೊಕ್ಕುಳಬಳ್ಳಿಯಿಂದ ಹಿಡಿದ ರಕ್ತ ಚೀಲದಲ್ಲಿ ಬರುತ್ತೆ. ಅದರಿಂದ ಹೊಸ ರಕ್ತ ಹುಟ್ಟಿಸೋ ಸ್ಟೆಮ್ ಸೆಲ್ ಬೇರೆ ಮಾಡಿ, ಎಷ್ಟು ಬದುಕಿವೆ ಅಂತ ಎಣಿಸಿ, ಫ್ರೀಜ್ ಮಾಡಬೇಕು.

ದಾರೀಲಿ ಚೀಲ ಬಿಸಿ ಆಗಬಾರದು, ತೀರಾ ತಣ್ಣಗೂ ಆಗಬಾರದು, ಇಪ್ಪತ್ತು ಡಿಗ್ರಿ ಆಸುಪಾಸಲ್ಲೇ ಇರಬೇಕು. ಅದಕ್ಕೇ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರ್ ಇರುತ್ತೆ. ಬಂದ ಮೇಲೆ ಕಂಪ್ಯೂಟರಿಗೆ ಸಿಕ್ಕಿಸಿದರೆ ದಾರಿಯುದ್ದದ ಟೆಂಪರೇಚರ್ ಗೆರೆಯಾಗಿ ಮೂಡುತ್ತೆ. ಗೆರೆ ಕುಣಿದರೆ ಡ್ರೈವರ್ ಮೂರು ಪುಟ ವಿವರಣೆ ಗೀಚಬೇಕು. ನೇರ ಬಂದರೆ ಲ್ಯಾಬ್ ನಡೆಸೋ ಮೇಡಂ ಪ್ರಿಂಟ್ ತೆಗೆದು ಬೋರ್ಡಿಗೆ ಚುಚ್ಚಿ ಎಲ್ಲರ ಕೈಲೂ ಚಪ್ಪಾಳೆ ಹೊಡೆಸ್ತಾರೆ.

ಮೇಡಂಗೆ ಟೋಪಿ ಹಾಕೋಣ ಅಂತ ಡೈಲಾಗೇ ಒಂದಿನ ಬುಲೆಟ್ ಅನ್ನೋ ಡ್ರೈವರಿಗೆ ಐಡಿಯಾ ಕೊಟ್ಟಿದ್ದ. "ಗುರೂ, ಮೀಟರ್‌ನ ನಿನ್ನ ಪಕ್ಕ ಎಸಿ ಮುಂದೆ ಕೂರಿಸ್ಕೋ. ಚೀಲ ಡಿಕ್ಕೀಲಿ, ಮೀಟರ್ ಬಾಲ್ಕನೀಲಿ!"

ಇಬ್ಬರೂ ಬಿದ್ದೂ ಬಿದ್ದೂ ನಕ್ಕಿದ್ದರು. ಆಮೇಲೆ ಏಳು ತಿಂಗಳು ಬೋರ್ಡ್ ಪೂರ್ತಿ ಬುಲೆಟ್ಟಿಂದೇ. ಸೆಲ್ ಸತ್ತು ಬಂದಾಗೆಲ್ಲ ಡೈಲಾಗ್ ಕಾರಣದ ಕಾಲಮ್ಮಲ್ಲಿ 'ಆಸ್ಪತ್ರೆಯವರು ಸರಿಯಾಗಿ ಹಿಡಿದಿಲ್ಲ' ಅಂತ ಬರೆದು ಕೈ ತೊಳ್ಕೊಳ್ತಿದ್ದ. ಯಾರದೋ ಮಗು, ಯಾವತ್ತೋ ಬೇಕಾದರೆ ತಾನೇ?

ಇವತ್ತಿನ ಚೀಲ ಅವನ ಅಕ್ಕಂದು.

ಅಕ್ಕನ ದೊಡ್ಡ ಮಗನಿಗೆ ಆರು ವರ್ಷ. ಅವನ ಮೂಳೆಮಜ್ಜೆ ರಕ್ತ ಮಾಡೋದನ್ನೇ ನಿಲ್ಲಿಸಿತ್ತು. ಬಂಧುಬಳಗದಲ್ಲಿ ಯಾರ ಮಜ್ಜೆಯೂ ಅವನಿಗೆ ಹೊಂದಲಿಲ್ಲ. ಹೊಟ್ಟೇಲಿದ್ದ ತಂಗಿಯ ಹೊಕ್ಕುಳಬಳ್ಳಿ ರಕ್ತ ಹೊಂದುತ್ತೆ ಅಂತ ಟೆಸ್ಟಲ್ಲಿ ಗೊತ್ತಾಗಿತ್ತು. ಆ ತಂಗಿ ಬೆಳಿಗ್ಗೆ ಹುಟ್ಟಿದಳು.

ಸ್ವಂತದವರ ಚೀಲ ಮುಟ್ಟೋ ಹಾಗಿಲ್ಲ ಅನ್ನೋದು ಲ್ಯಾಬಿನ ರೂಲ್ಸ್. ಆದರೆ ಚೀಲದ ಮೇಲೆ ಇರೋದು ನಂಬರ್ ಅಷ್ಟೇ. ಬೇರೆಯವರ ಕೈಗೆ ಬಿಡೋಕೆ ಮನಸ್ಸಾಗದೆ ಡೈಲಾಗ್ ಅದು ಅಕ್ಕಂದು ಅನ್ನೋದನ್ನ ಮುಚ್ಚಿಟ್ಟ. ಮೀಟರ್ ಪೆಟ್ಟಿಗೇಲೇ ಇಡು ಅಂದರೆ ಬುಲೆಟ್ ಯಾಕೆ ಅಂತಾನೆ, ಆಮೇಲೆ ಊರಿಗೆಲ್ಲ ಡಂಗುರ. ಫೋನಲ್ಲಿ ಇಷ್ಟೇ ಅಂದ, "ಹುಷಾರಾಗಿ ತಗೊಂಡ್ ಬಾರೋ."

"ಬುಲೆಟ್ ಯಾವತ್ತಾದ್ರೂ ಕೈ ಕೊಟ್ಟಿದ್ದಾನಾ ಬಾಸ್?"

ಐದು ಗಂಟೆ ದಾರಿ. ಮಧ್ಯಾಹ್ನ ಬುಲೆಟ್ ಕಾಲಲ್ಲೇ ಬಾಗಿಲು ಒದ್ದು ಬಂದ. "ಎಂಟ್ರಿ ನೋಡು ಬಾಸ್!"

ಡೈಲಾಗ್ ಮೀಟರ್ ಸಿಕ್ಕಿಸಿದ. ಇಪ್ಪತ್ತು ಡಿಗ್ರಿ. ಈ ತುದಿಯಿಂದ ಆ ತುದಿವರೆಗೆ ನೇರ ಗೆರೆ. ಚೀಲ ಮುಟ್ಟಿ ನೋಡಿದ. ಜ್ವರ ಬಂದ ಮಗುವಿನ ಹಣೆ ಥರ ಸುಡ್ತಿತ್ತು.

"ಮೀಟರ್ ಎಲ್ಲಿಟ್ಟಿದ್ದೆ?"

"ಬಾಲ್ಕನೀಲಿ! ಊಟಕ್ಕೆ ನಿಲ್ಲಿಸಿದಾಗ್ಲೂ ಎತ್ಕೊಂಡೇ ಹೋಗಿದ್ದೆ, ಎಸಿ ಹೋಟ್ಲಿಗೆ."

"ಪೆಟ್ಟಿಗೆ?"

"ಗಾಡೀಲಿ, ಬಿಸಿಲಲ್ಲಿ."

"ಒಳಗೆ ತಂಪಿಗೆ ಇಡೋ ಜೆಲ್ ಪ್ಯಾಕ್ ಎಲ್ಲೋ?"

ಬುಲೆಟ್ ಹಲ್ಕಿರಿದು ಸೊಂಟ ತೋರಿಸಿದ. "ಇಲ್ಲಿಗೆ ಒತ್ತಿಟ್ಕೊಂಡಿದ್ದೆ ಗುರೂ. ನೋವು, ಪ್ರಾಣ ಹೋಗ್ತಿತ್ತು."

ಸತ್ತ ಸೆಲ್ ನೀಲಿ ಬಣ್ಣ ಹೀರುತ್ತೆ, ಬದುಕಿರೋದು ಹೀರಲ್ಲ. ಡೈಲಾಗ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಎಲ್ಲೆಲ್ಲೂ ನೀಲಿ. ಮೂರು ಸಲ ಎಣಿಸಿದ. ಬದುಕಿದ್ದದ್ದು ನೂರಕ್ಕೆ ಹನ್ನೊಂದು. ಆ ಹುಡುಗನ ಮೈಗೆ ಏನೇನೂ ಸಾಲದು. ಕಾರಣದ ಕಾಲಮ್ಮಲ್ಲಿ ಪೆನ್ನು ಅಭ್ಯಾಸಬಲದಿಂದ 'ಆಸ್ಪತ್ರೆಯವರು' ಅಂತ ಬರೆದು ನಿಂತಿತು.

ಹಿಂದಿನಿಂದ ಬಂದ ಮೇಡಂ ಕಂಪ್ಯೂಟರ್ ನೋಡಿ ಅರಳಿದರು. "ವಾವ್, ಏನ್ ಗೆರೆ ರೀ! ಹೊಡೀರಿ ಚಪ್ಪಾಳೆ!"

ಚಪ್ಪಾಳೆ ನಡುವೆ ಡೈಲಾಗ್ ಫೋನ್ ಹೊಡ್ಕೊಂಡಿತು. ಅಕ್ಕ. "ಲೋ, ಗೆರೆ ಹೇಗ್ ಬಂತೋ?" ಗೆರೆ ನೇರ ಬಂದ್ರೆ ನಿನ್ ಮಗ ಪಾಸ್ ಅಂತ ನಿನ್ನೆ ರಾತ್ರಿ ಎದೆ ತಟ್ಟಿ ಹೇಳಿದ್ದವನು ಅವನೇ.

ಅವನು ಬೋರ್ಡ್ ನೋಡಿದ. ಮೇಡಂ ನಾಲ್ಕನೇ ಪಿನ್ ಚುಚ್ತಿದ್ದರು.

"ನೇರ ಇದೆ ಅಕ್ಕಾ. ಸ್ಕೇಲ್ ಇಟ್ಟು ಎಳೆದ ಹಾಗಿದೆ."

ಆ ಕಡೆ ಅಕ್ಕ ಹೊಲಿಗೆ ನೋವನ್ನೂ ಮರೆತು ಕಿರುಚಿದಳು. "ಪಾಸ್ ಕಣೋ ಮಗನೇ! ಮಾಮ ಪಾಸ್ ಮಾಡಿಸ್ಬಿಟ್ಟ!"

ಹುಡುಗ ಫೋನ್ ಕಿತ್ಕೊಂಡ. "ಮಾಮಾ, ಒಂದ್ ಡೈಲಾಗ್ ಹೊಡಿ!"

ಡೈಲಾಗ್ ಬಾಯಿ ತೆರೆದ. ಬುಲೆಟ್ ಸೊಂಟ ಹಿಡ್ಕೊಂಡು ಇನ್ನೂ ಶಿಳ್ಳೆ ಹಾಕ್ತಿದ್ದ.