ದೊರೆಸಾನಿಯ ಬಿಳಿ ಹಾಸು

ಕೋಳಿಗೂಡಿನ ಹಿಂದಿನ ನಲ್ಲಿಯ ಕೆಳಗೆ ಕೂತು ಅಕ್ಕ ಬಿಳಿ ಬಟ್ಟೆಯನ್ನು ತಿಕ್ಕುತ್ತಿದ್ದಳು. ರಕ್ತದ ಚುಕ್ಕೆ ಹೋದ ಮೇಲೆ ಬದಲಿ ಬಟ್ಟೆಯೊಂದನ್ನು ತೆಗೆದು, ಅದಕ್ಕೆ ಬೇಕೆಂದೇ ಒಂದಿಷ್ಟು ಮಣ್ಣು ಮೆತ್ತಿ, ನಾಯಿಗೂಡಿನಲ್ಲಿ ಹಾಸಿದಳು. ತೀರಾ ಬೆಳ್ಳಗಿದ್ದರೆ ತಮ್ಮನಿಗೆ ಅನುಮಾನ ಬರುತ್ತದೆ. ಬೇರೆಯವರ ತಪ್ಪು ಹುಡುಕುವಾಗ ಅವನದು ಹದ್ದಿನ ಕಣ್ಣು.

ಆ ಪುಟ್ಟ ತೋಟದಲ್ಲಿ ಕೋಳಿ, ಮೇಕೆ, ತರಕಾರಿ ಮಡಿ ಅಕ್ಕನ ಪಾಲಿಗೆ. ನಾಯಿಗಳ ಯಜಮಾನಿಕೆ ತಮ್ಮನದು. ಗೂಡು ತೊಳೆಯುವುದು, ಬೇಯಿಸಿ ಹಾಕುವುದು, ಹೆರಿಗೆಗೆ ಕೂರುವುದು ಯಜಮಾನಿಕೆಯೊಳಗೆ ಬರುವುದಿಲ್ಲವಲ್ಲ, ಅದೂ ಅಕ್ಕನದೇ. ಹೆಣ್ಣು ನಾಯಿ ಬೆದೆಗೆ ಬಂದದ್ದು ತಿಳಿಯಲೆಂದು ತಮ್ಮ ಬಿಳಿ ಬಟ್ಟೆ ಹಾಸಿಸುತ್ತಿದ್ದ. ಚುಕ್ಕೆ ಕಂಡ ತಕ್ಷಣ ಗಂಡು ನಾಯಿ ತರುವವರಿಗೆ ಫೋನು. ಅವರನ್ನು ಮನೆಯವರೆಲ್ಲ ನಗುನಗುತ್ತಾ ಬೀಗರು ಅನ್ನುತ್ತಿದ್ದರು. ಅಕ್ಕನಿಗೆ ಆ ತಮಾಷೆ ಕೇಳಿದರೆ ಮೈ ಉರಿಯುತ್ತಿತ್ತು.

ಹೋದ ಸಲ ಆ ಗೂಡಿನ ಹೆಣ್ಣು ನಾಯಿ ದೊರೆಸಾನಿ ಹೆರುವಾಗ ಮರಿಯೊಂದು ಅಡ್ಡ ಸಿಕ್ಕಿಕೊಂಡು, ಅವಳ ಜೀವ ಅಕ್ಕನ ಮಡಿಲಲ್ಲೇ ಹೋಗಿ ಬಂದಿತ್ತು. ಇನ್ನೊಂದು ಬಸಿರನ್ನು ಈ ನಾಯಿ ತಡೆಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. "ಅವರೇನು ನಾಯಿ ಸಾಕಿದಾರಾ?" ಎಂದಿದ್ದ ತಮ್ಮ. ಅವತ್ತೇ ಅಕ್ಕನಿಗೆ ಒಡಹುಟ್ಟಿದವನ ಮೇಲೆ ಹೇಸಿಗೆ ಹುಟ್ಟಿತು.

ಬೆದೆ ಮುಗಿಯುವವರೆಗೂ ಅವಳು ಬಟ್ಟೆ ಬದಲಾಯಿಸಿದಳು, ಬೇಲಿಯಾಚೆ ಸುಳಿದ ಬೀದಿನಾಯಿಗಳನ್ನು ಕಲ್ಲು ಬೀರಿ ಓಡಿಸಿದಳು. ಕಾದು ಕಾದು ಸಾಕಾಗಿ, ಒಂದು ದಿನ ತಮ್ಮ ಬೀಗರನ್ನೇ ಕರೆಸಿದ.

ಬೀಗರು ಬಾಲ ಎತ್ತಿ ನೋಡಿದರು, ಹೊಟ್ಟೆ ಒತ್ತಿದರು. "ಕಾಲ ದಾಟೋಗಿದೆ. ಒಳಗೇ ಬತ್ತೋಗಿರ್ಬೇಕು. ಇನ್ನು ಇದರ ಮರಿ ಆಸೆ ಬಿಟ್ಬಿಡಿ."

"ಬಿಟ್ಟೆ. ಕೂತು ತಿನ್ನೋಕೆ ಈ ಮನೇಲಿ ಒಬ್ಬರಿದಾರೆ, ಸಾಕು," ಎಂದ ತಮ್ಮ, ಅಕ್ಕನ ಕಡೆ ತಿರುಗಿಯೂ ನೋಡದೆ.

"ನಮ್ಮ ಭಾವಮೈದನ ಟೈರ್ ಗೋಡೌನಿಗೆ ಒಂದು ನಾಯಿ ಬೇಕಿತ್ತು. ಬೊಗಳಿದ್ರೆ ಸಾಕು ಅವನಿಗೆ."

"ಈಗಲೇ ಕರ್ಕೊಂಡೋಗಿ."

ಆ ಗೋಡೌನನ್ನು ಅಕ್ಕ ಕಂಡಿದ್ದಳು: ಕಾದ ತಗಡು, ಮೊಳದುದ್ದ ಸರಪಳಿ, ವರ್ಷ ತುಂಬುವುದರೊಳಗೆ ಸಾಯುವ ನಾಯಿಗಳು. ಬಾಯಿ ಬಿಟ್ಟರೆ ದೊರೆಸಾನಿಗೆ ಕುತ್ತು ಮುಂದಿನ ಬೆದೆಗೆ, ಬಿಡದಿದ್ದರೆ ಇವತ್ತೇ. ಬೀಗರು ಕೊರಳಿಗೆ ಚೈನು ಹಾಕಿದರು. ತಿರುಗಾಟಕ್ಕೆಂದು ತಿಳಿದು ದೊರೆಸಾನಿ ಬಾಲ ಆಡಿಸಿದಳು.

"ಅವಳೇನೂ ಬತ್ತಿಲ್ಲ," ಎಂದಳು ಅಕ್ಕ. "ಬೆದೆಗೆ ಬಂದಿದ್ಲು. ಬಟ್ಟೆ ನಾನೇ ಬದಲಾಯಿಸ್ತಿದ್ದೆ."

ತಮ್ಮನ ಮುಖ ಕೆಂಪೇರಿತು. "ಉಂಡ ಮನೆಗೆ ದ್ರೋಹ ಮಾಡ್ತೀಯಾ?"

"ಉಣ್ಣೋಕೆ ಬೇಯಿಸಿ ಹಾಕೋಳು ನಾನೇ ಕಣೋ. ಇನ್ನೊಂದು ಸಲ ಬಸಿರಾದ್ರೆ ಸಾಯ್ತಾಳೆ ಅವಳು."

"ಸಾಯ್ಲಿ. ಮರಿ ಹಾಕಿ ಸಾಯ್ಲಿ."

ಬೀಗರು ಚೈನು ಬಿಚ್ಚಿ, ಸುತ್ತಿ ಜೇಬಿಗೆ ಹಾಕಿಕೊಂಡರು. ಅವರ ಮುಖದಲ್ಲಿ ನಗು ಬಂದಿತ್ತು. "ಒಳ್ಳೇದೇ ಆಯ್ತು ಬಿಡಿ ಅಕ್ಕ, ಹೇಳಿದ್ದು. ಆರು ತಿಂಗಳಿಗೆ ನನ್ನ ಗಂಡು ನಾಯೀನ ಕರ್ಕೊಂಡೇ ಬರ್ತೀನಿ."

ತಮ್ಮ ದೊರೆಸಾನಿಯನ್ನು ಗೂಡಿಗೆ ತಳ್ಳಿದ. ಬಾಗಿಲಿಗೆ ತಂತಿ ಸುತ್ತಿ, ಇಕ್ಕಳದಿಂದ ತಿರುಚಿ ತಿರುಚಿ ಬಿಗಿದ. "ಇನ್ಮೇಲೆ ಇದರ ಬಟ್ಟೆ ನಾನೇ ಹಾಸ್ತೀನಿ. ನೀನು ಬಾಗಿಲು ಮುಟ್ಟಿದೀಯೋ, ನೋಡು!"

ಸಂಜೆ ಅಕ್ಕ ತಟ್ಟೆ ಹಿಡಿದು ಬಂದಳು. ಜಾಲರಿಯ ಕಣ್ಣಿನಲ್ಲಿ ತಟ್ಟೆ ತೂರಲಿಲ್ಲ. ಅವಳು ನೆಲದ ಮೇಲೆ ಕೂತು, ಬೆಂದ ಮಾಂಸವನ್ನು ಸಣ್ಣಗೆ ಕಿತ್ತು ಒಂದೊಂದೇ ಚೂರನ್ನು ಒಳಗೆ ಚಾಚಿದಳು. ದೊರೆಸಾನಿ ಬೆರಳಿಗೆ ಹಲ್ಲು ತಾಗದಂತೆ ಮೆಲ್ಲಗೆ ತೆಗೆದುಕೊಂಡಳು.